ಬೇಸಿಗೆಯ ಮಡು, ಮುಂಗಾರಿನ ಹೊಳೆ: ತುಂಗಭದ್ರೆಯ ಮೀನು ಮತ್ತು ನೀರುಜೀವಿಗಳ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಳೆಯ ಮೀನುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದದ್ದೇ ನೆಪವಾಗಿ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ದಂಡೆಯ ಊರುಗಳಿಂದ ಪತ್ರಗಳು ಬಂದಿವೆ. ಕೆಲವು ದೂರು ಹೇಳುತ್ತವೆ, ಕೆಲವು ಜಗಳಕ್ಕೇ ನಿಂತಿವೆ. ಒಂದೇ ವಿಷಯದವುಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಕಾಕಾ ನಲವತ್ತು ವರ್ಷಗಳಿಂದ ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದಾರೆ. ವರ್ಷವರ್ಷವೂ ಲಕ್ಷಗಟ್ಟಲೆ ಮೀನುಮರಿ ಬಿತ್ತನೆ ಮಾಡಿದರೆಂದು ಕೇಳುತ್ತೇವೆ. ಆದರೆ ಬಲೆಗೆ ಬೀಳುವುದು ಅಂಗೈಯಷ್ಟು ಮೀನು. ಬಿಟ್ಟ ಮರಿಗಳೆಲ್ಲ ಎಲ್ಲಿಗೆ ಹೋಗುತ್ತವೆ?
— ಓದುಗರೊಬ್ಬರು, ಮುನಿರಾಬಾದ್ ಸಮೀಪ

ಎಷ್ಟು ಲಕ್ಷ ಮರಿ ಬಿಟ್ಟರು ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಉದ್ದದ ಮರಿ ಬಿಟ್ಟರು ಎಂದು ಕೇಳುವವರು ಅಪರೂಪ. ದೊಡ್ಡ ಜಲಾಶಯಕ್ಕೆ ಬಿಡುವ ಮರಿ ಕನಿಷ್ಠ ನೂರು ಮಿಲಿಮೀಟರ್, ಅಂದರೆ ನಾಲ್ಕು ಇಂಚಿನಷ್ಟಾದರೂ ಬಲಿತಿರಬೇಕು. ಒಂದಿಂಚಿನ ಮರಿಯನ್ನು ಸಾಕಣೆಯ ಕೊಳದಲ್ಲಿ ಬಿಟ್ಟರೆ ಬದುಕೀತು, ಏಕೆಂದರೆ ಅಲ್ಲಿ ಬೇಟೆಯ ಮೀನುಗಳನ್ನು ಮೊದಲೇ ತೆಗೆದಿರುತ್ತಾರೆ. ಬಾಳೆ ಮೀನು, ಕುಚ್ಚು ಮೀನು ಹೊಂಚು ಹಾಕಿರುವ ಜಲಾಶಯಕ್ಕೆ ಅದೇ ಮರಿಯನ್ನು ಸುರಿದರೆ ಅದು ಅವುಗಳ ಊಟವಾಗುತ್ತದೆ. ನಾಲ್ಕಿಂಚು ಬೆಳೆಸಲು ಕೊಳದ ಜಾಗ, ಮೇವು, ಎರಡು ಮೂರು ತಿಂಗಳ ಆರೈಕೆ ಎಲ್ಲವೂ ಬೇಕಾಗುವುದರಿಂದ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ವರದಿಯಲ್ಲಿ ಸಂಖ್ಯೆ ಇಳಿಯುವುದು ಯಾರಿಗೂ ಇಷ್ಟವಿಲ್ಲ.

ಎಲ್ಲಿ, ಯಾವ ಹೊತ್ತಿನಲ್ಲಿ ಬಿಡುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಮೀನುಮರಿ ಸಾಕುವ ಕೆಲಸದಲ್ಲಿಯೇ ಆಯುಷ್ಯ ಕಳೆದ ನಾನು ಒಮ್ಮೆ ಇಂಥದೊಂದು ಬಿತ್ತನೆ ಸಮಾರಂಭಕ್ಕೆ ಸಾಕ್ಷಿಯಾಗಿ ನಿಂತಿದ್ದೆ. ಅತಿಥಿಗಳು ಬರುವುದು ತಡವಾಯಿತು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಬಿಸಿಲಿಗೆ ಕಾದು, ಮುಟ್ಟಿದರೆ ಸ್ನಾನದ ನೀರಿನಂತೆ ಬೆಚ್ಚಗಾಗಿದ್ದವು. ಫೋಟೊ ತೆಗೆದ ಮೇಲೆ ಚೀಲಗಳ ಬಾಯಿ ಬಿಚ್ಚಿ ಮೆಟ್ಟಿಲ ಬಳಿಯೇ ನೀರಿಗೆ ಸುರಿದರು. ಕಾರುಗಳು ಹೊರಟು ಹತ್ತು ನಿಮಿಷವಾಗಿರಲಿಲ್ಲ, ಬೆಳ್ಳಕ್ಕಿಗಳು ಸಾಲಾಗಿ ಬಂದು ಕುಳಿತವು. ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮರಿಗಳನ್ನು ಅವು ಒಂದೊಂದಾಗಿ ಎತ್ತಿಕೊಂಡವು. ಸರಿಯಾದ ಕ್ರಮದಲ್ಲಿ ದೊಡ್ಡ ಖರ್ಚೇನೂ ಇಲ್ಲ: ಕಟ್ಟಿದ ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಬಿಟ್ಟು ಒಳಗಿನ ಮತ್ತು ಹೊರಗಿನ ನೀರಿನ ಬಿಸಿಯನ್ನು ಸಮ ಮಾಡಬೇಕು, ಬಾಯಿ ಬಿಚ್ಚಿ ಹೊರಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡಬೇಕು, ಮರಿಗಳು ತಾವಾಗಿಯೇ ಈಜಿ ಹೊರಗೆ ಹೋಗಲು ಕಾಯಬೇಕು. ಇದನ್ನು ಬೆಳಿಗ್ಗೆಯ ಅಥವಾ ಸಂಜೆಯ ತಂಪಿನಲ್ಲಿ, ಹುಲ್ಲು ಮುಳುಗಿರುವ ಹಿನ್ನೀರಿನ ಮೂಲೆಗಳಲ್ಲಿ, ಹರಿಗೋಲಿನಲ್ಲಿ ಹೋಗಿ ಮಾಡಬೇಕು.

ಇನ್ನು ಬಲೆಯ ಮಾತು. ನಿಮ್ಮ ಕಾಕಾ ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ತುಂಗಭದ್ರಾ ಹಿನ್ನೀರಿನಲ್ಲಿ ‘ಅಲಿವಿ’ ಎಂಬ ಭಾರಿ ಎಳೆಬಲೆ ಬಹಳ ಹಿಂದಿನಿಂದ ಕುಖ್ಯಾತವಾಗಿದೆ. ದಂಡೆಯಿಂದ ಹೊರಟು ಅರ್ಧಚಂದ್ರಾಕಾರದಲ್ಲಿ ನೀರನ್ನು ಸುತ್ತಿ, ಎರಡೂ ತುದಿಗಳಿಂದ ಹಲವು ಜನ ಎಳೆಯುವ ಈ ಬಲೆಯ ಚೀಲದ ಕಣ್ಣು ಎಷ್ಟು ಸಣ್ಣದೆಂದರೆ ಬೆರಳುದ್ದದ ಮೀನೂ ತಪ್ಪಿಸಿಕೊಳ್ಳಲಾರದು. ಹುಟ್ಟಾ ಸಣ್ಣಗೇ ಇರುವ ಜಾತಿಗಳನ್ನು ಹಿಡಿದು ಒಣಗಿಸಿ ಮಾರುವುದಕ್ಕಾಗಿಯೇ ಇದನ್ನು ಎಳೆಯುವುದು ಎಂಬ ವಾದವಿದೆ. ಆದರೆ ಕಾಟ್ಲಾ, ರೋಹುಗಳ ಒಂದು ವರ್ಷದ ಮರಿಗೂ ದೊಡ್ಡ ಹುಡಿಮೀನಿಗೂ ಬಲೆ ಭೇದ ಮಾಡುವುದಿಲ್ಲ. ಸರ್ಕಾರ ಚೀಲದಲ್ಲಿ ತಂದು ಬಿಟ್ಟ ಮರಿ ಚೀಲದಲ್ಲಿಯೇ ದಂಡೆಗೆ ಬಂದು, ಬಿಸಿಲಿಗೆ ಒಣಗಿ, ಕಿಲೋಗೆ ಇಷ್ಟೆಂದು ಮಾರಾಟವಾಗುತ್ತದೆ. ಒಂದೇ ಒಂದು ಕಟ್ಟಳೆಯನ್ನು ಜಾರಿ ಮಾಡುವ ಅಧಿಕಾರ ನನಗೆ ಕೊಟ್ಟರೆ ನಾನು ಮರಿ ಬಿತ್ತನೆಯ ಗುರಿಯನ್ನು ಮುಟ್ಟುವುದಿಲ್ಲ. ಬಲೆಯ ಕಣ್ಣನ್ನು ಅಳೆಯಲು ದಂಡೆಯಲ್ಲಿ ಒಬ್ಬನನ್ನು ಕೂರಿಸುತ್ತೇನೆ.

ಕೊನೆಯದು ನೀರಿನ ಏರಿಳಿತ. ಜಲಾಶಯ ತುಂಬಿ 1633 ಅಡಿ ಮುಟ್ಟಿದಾಗ ನೀರು ಸುಮಾರು 378 ಚದರ ಕಿಲೋಮೀಟರ್ ಹರಡಿರುತ್ತದೆ. 1953ರಲ್ಲಿ 133 ಟಿಎಂಸಿಯಷ್ಟಿದ್ದ ಸಾಮರ್ಥ್ಯ ಹೂಳು ತುಂಬಿ ಈಗ 105.788 ಟಿಎಂಸಿಗೆ ಇಳಿದಿದೆ. ಕಾಲುವೆಗಳಿಗೆ ಬಿಟ್ಟು ಬಿಟ್ಟು ಮೇ ತಿಂಗಳ ಹೊತ್ತಿಗೆ ಉಳಿಯುವುದು ಹಳೆಯ ಹೊಳೆಯ ಪಾತ್ರದ ಮಡುಗಳಷ್ಟೇ. ವಿಶಾಲವಾಗಿ ಹರಡಿದ್ದ ಮೀನೆಲ್ಲ ಅಲ್ಲಿಗೆ ಬಂದು ಸೇರುವುದರಿಂದ ಹಿಡಿಯುವುದು ಸುಲಭ, ಆದಾಯವೂ ಹೆಚ್ಚು. ಆದರೆ ಹಾಗೆ ಮಡುವಿನಲ್ಲಿ ಉಳಿದದ್ದೇ ಮುಂದಿನ ಮುಂಗಾರಿಗೆ ಮೊಟ್ಟೆ ಇಡುವ ತಾಯಿಮೀನು. ಒಂದು ಕಿಲೋ ತೂಕದ ರೋಹು ತಾಯಿಯ ಹೊಟ್ಟೆಯಲ್ಲಿ ಲಕ್ಷಕ್ಕೂ ಮೀರಿದ ಮೊಟ್ಟೆಗಳಿರುತ್ತವೆ. ಹಿನ್ನೀರಿನ ಮೀನುಗಾರರ ಸಂಘಗಳು ತಾವೇ ಕೂತು ಎರಡೋ ಮೂರೋ ಮಡುಗಳನ್ನು ಗುರುತಿಸಿ, ಏಪ್ರಿಲ್‌ನಿಂದ ಹೊಸನೀರು ಬರುವವರೆಗೆ ಅಲ್ಲಿಗೆ ಬಲೆ ಬಿಡದಿದ್ದರೆ ಆಗುವ ಲಾಭ ಎಷ್ಟೋ ಲಾರಿ ಮರಿಗಳಿಗೆ ಸಮ. ಇದಕ್ಕೆ ಯಾವ ಆದೇಶಕ್ಕೂ ಕಾಯಬೇಕಿಲ್ಲ.

ಪ್ರಶ್ನೆ: ಆನೆಗೊಂದಿಯ ಕೆಳಗೆ ನಾವು ರಾತ್ರಿ ಹಾಕಿದ ಬಿಡುಬಲೆಗಳನ್ನು ನೀರುನಾಯಿಗಳು ಹರಿದುಹಾಕುತ್ತಿವೆ. ಅವು ಹೆಚ್ಚಾದದ್ದರಿಂದಲೇ ಮೀನು ಕಡಿಮೆಯಾಯಿತೆ? ಸಂರಕ್ಷಣಾ ಮೀಸಲು ಎಂದು ಘೋಷಿಸಿದ ಮೇಲೆ ಅಲ್ಲಿ ಬಲೆ ಹಾಕುವುದೇ ಅಪರಾಧವೆ?
— ಮೀನುಗಾರರೊಬ್ಬರು, ಗಂಗಾವತಿ ತಾಲ್ಲೂಕು

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಜಲಾಶಯದ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕೊಪ್ಪಳ ಜಿಲ್ಲೆ ಮತ್ತು ಆಗಿನ ಬಳ್ಳಾರಿ ಜಿಲ್ಲೆಯ ದಂಡೆಗಳೆರಡೂ ಇದರಲ್ಲಿ ಬರುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ‘ಸಂರಕ್ಷಣಾ ಮೀಸಲು’ ಎಂಬುದು ಅಭಯಾರಣ್ಯದಷ್ಟು ಬಿಗಿಯಾದ ವರ್ಗವಲ್ಲ. ಸ್ಥಳೀಯರ ಜೊತೆ ಸಮಾಲೋಚಿಸಿ ಘೋಷಿಸಬೇಕಾದದ್ದು, ಅವರ ಬದುಕನ್ನು ಹೊರಗಟ್ಟುವುದಕ್ಕಾಗಿ ಮಾಡಿದ್ದಲ್ಲ. ಬೆಂಕಿ ಹಚ್ಚುವುದು, ಸಿಡಿಮದ್ದು ಅಥವಾ ಜೀವಿಗಳಿಗೆ ಹಾನಿ ಮಾಡುವ ರಾಸಾಯನಿಕ ಬಳಸುವುದು, ಪ್ರಾಣಿಗಳನ್ನು ಕೊಲ್ಲುವುದು ಇವಕ್ಕೆ ಅಭಯಾರಣ್ಯದಲ್ಲಿರುವಂತೆಯೇ ಇಲ್ಲೂ ನಿಷೇಧವಿದೆ. ಮೀನುಗಾರಿಕೆಯ ಪರವಾನಗಿ ಎಂದಿನಂತೆ ಬೇರೆ ವಿಷಯ. ಅದಿಲ್ಲದೆ ಬಲೆ ಹಾಕುವುದು ಎಲ್ಲಿಯೂ ತಪ್ಪೇ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೀಸಲಿನ ಆಡಳಿತಕ್ಕೆ ಒಂದು ಸಮಿತಿ ಇರಬೇಕೆಂದು ಕಾಯ್ದೆ ಹೇಳುತ್ತದೆ: ಅರಣ್ಯ ಇಲಾಖೆಯವರು, ಗಡಿಯೊಳಗಿನ ಪ್ರತಿ ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿ, ಸ್ವಯಂಸೇವಾ ಸಂಸ್ಥೆಗಳ ಮೂವರು, ಕೃಷಿ ಹಾಗೂ ಪಶುಸಂಗೋಪನೆ ಇಲಾಖೆಗಳ ಒಬ್ಬೊಬ್ಬರು. ಹೊಳೆಯ ಮೀಸಲಿನ ಸಮಿತಿಯಲ್ಲಿ ದನದ ಇಲಾಖೆಗೆ ಕುರ್ಚಿ ಇದೆ, ಮೀನುಗಾರಿಕೆ ಇಲಾಖೆಯ ಹೆಸರೇ ಆ ಕಲಮಿನಲ್ಲಿಲ್ಲ. ಕಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನನ್ನು ನೀರಿಗೆ ಹಚ್ಚಿದಾಗ ಹೀಗಾಗುತ್ತದೆ. ನಿಮ್ಮ ಪಂಚಾಯಿತಿಯಿಂದ ಹೋಗುವ ಪ್ರತಿನಿಧಿ ಹರಿಗೋಲು ಹುಟ್ಟು ಹಾಕಿ ಬಲ್ಲವರಾಗಿರಲಿ ಎಂದು ಗ್ರಾಮಸಭೆಯಲ್ಲಿ ಒತ್ತಾಯಿಸುವ ಹಕ್ಕು ನಿಮಗಿದೆ, ಅದನ್ನು ಬಳಸಿಕೊಳ್ಳಿ.

ಈಗ ನೀರುನಾಯಿ. ನಮ್ಮ ಹೊಳೆಯಲ್ಲಿರುವುದು ನುಣುಪು ತುಪ್ಪಳದ ಜಾತಿ. ಏಳರಿಂದ ಹನ್ನೊಂದು ಕಿಲೋ ತೂಗುತ್ತದೆ, ಕುಟುಂಬವಾಗಿ ಬದುಕುತ್ತದೆ, ಒಂದೊಂದು ದಿನಕ್ಕೆ ಸುಮಾರು ಒಂದು ಕಿಲೋ ತಿನ್ನುತ್ತದೆ. ಹೊಳೆಯ ನಡುವಿನ ಬಂಡೆಗುಂಡುಗಳ ಮೇಲೆ ಅವು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವುದನ್ನು ನೀವು ನೋಡಿರುತ್ತೀರಿ. ಒಣಗಿದ ಹಿಕ್ಕೆಯನ್ನು ಒಂದು ಕಡ್ಡಿಯಿಂದ ಬಿಡಿಸಿ ನೋಡಿದರೆ ಅಭ್ರಕದ ಚೂರಿನಂತೆ ಹೊಳೆಯುವ ಮೀನಿನ ಹುರುಪೆ, ಸಣ್ಣ ಮುಳ್ಳು, ನಡುನಡುವೆ ಏಡಿಯ ಕೆಂಪು ಚಿಪ್ಪು ಸಿಗುತ್ತದೆ. ಹೆಚ್ಚು ಸಿಗುವುದನ್ನು, ಸುಲಭಕ್ಕೆ ಸಿಗುವುದನ್ನು ಅದು ತಿನ್ನುತ್ತದೆ. ಎಂಟು ನೀರುನಾಯಿಗಳ ಕುಟುಂಬ ದಿನಕ್ಕೆ ಎಂಟು ಕಿಲೋ ತಿಂದಿತು ಎಂದಿಟ್ಟುಕೊಳ್ಳಿ; ಒಂದು ಸಿಡಿಮದ್ದು ಒಂದು ಕ್ಷಣದಲ್ಲಿ ಒಂದು ಮಡುವನ್ನೇ ಬರಿದು ಮಾಡುತ್ತದೆ. ಸಿಡಿತಕ್ಕೆ ಸತ್ತ ಮೀನಿನಲ್ಲಿ ಎಷ್ಟೋ ಪಾಲು ತೇಲದೆ ತಳದಲ್ಲಿಯೇ ಕೊಳೆಯುತ್ತದೆ, ಹಿಡಿದವನಿಗೂ ಸಿಗುವುದಿಲ್ಲ. ನದಿಗೆ ಸಿಡಿಮದ್ದು, ವಿಷ ಹಾಕುವುದು ಅಪರಾಧವೆಂದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಸಾರಿತ್ತು. ಎರಡು ತಿಂಗಳ ಸಜೆ ಅಥವಾ ಇನ್ನೂರು ರೂಪಾಯಿ ದಂಡ ಎಂದು ಅದರಲ್ಲಿತ್ತು. ಆ ಕಾಲಕ್ಕೆ ಇನ್ನೂರು ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ.

ಆದರೆ ನಿಮ್ಮ ಬಲೆ ಹರಿದದ್ದು ನಿಜವಾದ ನಷ್ಟ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಲೆಯಲ್ಲಿ ಸಿಕ್ಕಿಕೊಂಡ ಮೀನು ನೀರುನಾಯಿಗೆ ಬಡಿಸಿಟ್ಟ ಎಲೆಯಿದ್ದಂತೆ. ಅದು ಹೆಚ್ಚಾಗಿ ಓಡಾಡುವುದು ಮುಂಜಾವು ಮತ್ತು ಮುಸ್ಸಂಜೆಯಲ್ಲಿ. ಇಡೀ ರಾತ್ರಿ ಬಲೆ ಬಿಟ್ಟು ಬೆಳಗಾದ ಮೇಲೆ ಎತ್ತುವ ಬದಲು, ಎರಡು ಮೂರು ತಾಸಿಗೊಮ್ಮೆ ಎತ್ತಿ ಮೀನು ಬಿಡಿಸಿಕೊಂಡರೆ ನಷ್ಟ ಇಳಿಯುತ್ತದೆ, ಮೀನೂ ಕೆಡುವುದಿಲ್ಲ. ಹಿಕ್ಕೆ ಕಂಡ ಗುಂಡಿನ ಸುತ್ತ, ಗವಿಗಳ ಬಾಯಿಗೆ ಅಡ್ಡವಾಗಿ ಬಲೆ ಕಟ್ಟಬೇಡಿ. ನೀರುನಾಯಿಯೂ ನಮ್ಮಂತೆ ಉಸಿರಾಡುವ ಪ್ರಾಣಿ. ಬಲೆಯಲ್ಲಿ ತೊಡಕಿಕೊಂಡ ಮರಿ ಕೆಲವೇ ನಿಮಿಷಗಳಲ್ಲಿ ಮುಳುಗಿ ಸಾಯುತ್ತದೆ.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳಿಗೆ ನಮ್ಮ ಹೊಳೆಯ ಮೀನುಗಳ ಪಟ್ಟಿ ಮಾಡಿಸಿದೆ. ಎಲ್ಲರೂ ಕಾಟ್ಲಾ, ರೋಹು, ಮೃಗಾಲ್, ಜಿಲೇಬಿ ಎಂದೇ ಬರೆದರು. ಇವು ನಮ್ಮವೇ? ‘ಸ್ಥಳೀಯ ಮೀನು’ ಎಂದು ಯಾವುದನ್ನು ಕರೆಯಬೇಕು?
— ಶಿಕ್ಷಕಿ, ಸಿಂಧನೂರು

ಮಕ್ಕಳು ಬರೆದದ್ದು ಮೀನು ಮಾರುಕಟ್ಟೆಯ ಪಟ್ಟಿ, ಅದರಲ್ಲಿ ತಪ್ಪಿಲ್ಲ. ಆದರೆ ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಬಯಲಿನವು. ‘ಭಾರತೀಯ ಪ್ರಮುಖ ಗೆಂಡೆಗಳು’ ಎಂಬ ಸರ್ಕಾರಿ ಹೆಸರು ಇದನ್ನು ಮರೆಮಾಚುತ್ತದೆ. ದೇಶ ಒಂದೇ ಆದರೂ ಮೀನಿಗೆ ದೇಶವೆಂದರೆ ಅದರ ನದಿಕಣಿವೆ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಮೀನಿನ ಮಿದುಳಿನ ತಳದ ಗ್ರಂಥಿಯ ರಸವನ್ನು ಚುಚ್ಚಿ ಈ ಗೆಂಡೆಗಳು ಹೊಂಡದಲ್ಲಿಯೇ ಮೊಟ್ಟೆ ಇಡುವಂತೆ ಮಾಡಿದರು. ಅಲ್ಲಿಯವರೆಗೆ ಹೊಳೆಯ ನೆರೆಯಲ್ಲಿ ಜಾಲಿಸಿ ತರಬೇಕಾಗಿದ್ದ ಮರಿ ಆಮೇಲೆ ಎಲ್ಲೆಂದರಲ್ಲಿ ಹುಟ್ಟತೊಡಗಿತು, ದಕ್ಷಿಣದ ಜಲಾಶಯಗಳನ್ನೆಲ್ಲ ತುಂಬಿತು. ಜಿಲೇಬಿ ಎಂದು ನಾವು ಕರೆಯುವ ತಿಲಾಪಿಯಾ ಆಫ್ರಿಕಾ ಮೂಲದ್ದು, ಭಾರತಕ್ಕೆ ಬಂದದ್ದು 1952ರಲ್ಲಿ.

ಕೃಷ್ಣಾ–ತುಂಗಭದ್ರೆಯ ತವರಿನ ಮೀನುಗಳೆಂದರೆ ತುಟಿಯ ಅಂಚಿನಲ್ಲಿ ಜಾಲರಿಯಂಥ ಕುಚ್ಚುಳ್ಳ ಕೆಮ್ಮೀನು, ಮುಳುಗಿದ ಹುಲ್ಲನ್ನು ಮೇಯುವ ಹರಗಿ, ಬಾಳೆ ಮೀನು, ಕುಚ್ಚು ಮೀನು, ಚೇಳು ಮೀನು, ಮಹಶೀರ್. ಕೊಳಗಳ ಜೊಂಡು ತಿನ್ನಿಸಲು ನಾವು ಹುಲ್ಲುಗೆಂಡೆಯನ್ನು ಪೂರ್ವ ಏಷ್ಯಾದಿಂದ ತರಿಸಿಕೊಂಡೆವು. ಹುಲ್ಲು ಮೇಯುವ ಹರಗಿ ನಮ್ಮ ಹೊಳೆಯಲ್ಲೇ ಇತ್ತು. ಹೊಳೆ ಜಲಾಶಯವಾದ ಮೊದಲ ವರ್ಷಗಳಲ್ಲಿ ಕೆಮ್ಮೀನು, ಹರಗಿಗಳಂಥವೇ ಬಲೆ ತುಂಬುತ್ತಿದ್ದವು, ಆಮೇಲೆ ಕರಗಿದವು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಈ ಎರಡನ್ನೂ ಮರಿ ಮಾಡಿಸುವ ವಿಧಾನ ಸಿದ್ಧವಾಗಿದೆ. ಆದ್ದರಿಂದ ಬಿತ್ತನೆ ಮಾಡುವುದೇ ಆದರೆ ತವರಿನ ಮೀನನ್ನೇಕೆ ಮಾಡಬಾರದು ಎಂದು ಕೇಳುವುದು ಭಾವುಕತೆಯ ಮಾತಲ್ಲ.

ಮಹಶೀರ್ ಬಗ್ಗೆ ಮಕ್ಕಳಿಗೆ ಒಂದು ಕಥೆ ಹೇಳಬಹುದು. ದಖ್ಖನಿನ ಮಹಶೀರನ್ನು 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ಪುಣೆ ಬಳಿಯ ಮುಳಾ–ಮುಠಾ ಹೊಳೆಯ ಮೀನಿನಿಂದ ಗುರುತಿಸಿ ವಿವರಿಸಿದ. ಆ ನೀರು ಭೀಮೆಯನ್ನು ಸೇರುತ್ತದೆ, ಭೀಮೆ ನಿಮ್ಮ ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ಹಾಗಾಗಿ ಈ ಮೀನು ನಮ್ಮ ಕಣಿವೆಯ ಮಗಳು. ಇದೇ ಮೀನನ್ನು ಸಾಕಣೆ ಕೇಂದ್ರದಲ್ಲಿ ಹೆಚ್ಚಿಸಿ ಕಾವೇರಿಗೆ ಬಿಟ್ಟಾಗ ಅಲ್ಲಿ ಅದು ಹೊರಗಿನ ಮೀನಾಯಿತು. ಕಾವೇರಿಯದೇ ಆದ ಡುಬ್ಬದ ಮಹಶೀರ್ ಹಿಂದೆ ಸರಿಯಿತು, 2018ರಲ್ಲಿ ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಸೇರಿತು. ಒಂದೇ ಮೀನು ಒಂದು ಹೊಳೆಯಲ್ಲಿ ಮನೆಯವಳು, ನೂರು ಹರದಾರಿ ಆಚೆಯ ಹೊಳೆಯಲ್ಲಿ ಆಕ್ರಮಣಕಾರಿ. ಮಕ್ಕಳಿಗೆ ನೋಡಬೇಕೆನಿಸಿದರೆ ಪ್ರವಾಸದಲ್ಲಿ ನಮ್ಮದೇ ಹೊಳೆಯ ಮೇಲ್ತುದಿಗೆ ಕರೆದುಕೊಂಡು ಹೋಗಿ: ತುಂಗೆಯ ದಂಡೆಯ ಶೃಂಗೇರಿಯಲ್ಲಿ ಮಠದ ಮೆಟ್ಟಿಲ ಬುಡದಲ್ಲಿ, ತೀರ್ಥಹಳ್ಳಿಯ ಸಮೀಪದ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೊಣಕಾಲುದ್ದದ ಮೀನುಗಳು ಮಂಡಕ್ಕಿಗೆ ಬಾಯಿ ತೆರೆದು ಬರುತ್ತವೆ. ಹಿಡಿಯಬಾರದೆಂಬ ನೇಮ ಎಷ್ಟೋ ತಲೆಮಾರುಗಳಿಂದ ಉಳಿದಿರುವ ಆ ಮಡುಗಳಿಗೂ ನಾನು ಮೇಲೆ ಹೇಳಿದ ಹಿನ್ನೀರಿನ ಮಡುಗಳಿಗೂ ವ್ಯತ್ಯಾಸ ದೇವರದ್ದಷ್ಟೇ.

ಪ್ರಶ್ನೆ: ನಮ್ಮ ಗದ್ದೆಗಳ ಬಸಿನೀರು ಸೇರುವ ಹಳ್ಳದಲ್ಲಿ ಒಂದು ಮುಂಜಾನೆ ಮೀನುಗಳೆಲ್ಲ ಸತ್ತು ತೇಲಿದವು. ಯಾರೋ ವಿಷ ಹಾಕಿದರೆಂದು ಊರಲ್ಲಿ ಜಗಳವಾಯಿತು. ಹಿಂದಿನ ದಿನ ನೀರು ಗಾಢ ಹಸಿರಾಗಿತ್ತು. ಕಾರಣ ಏನಿರಬಹುದು?
— ರೈತರೊಬ್ಬರು, ಸಿರುಗುಪ್ಪ

ಜಗಳ ಆಡುವ ಮೊದಲು ಎರಡು ಸಂಗತಿ ನೋಡಬೇಕು: ಎಷ್ಟು ಹೊತ್ತಿಗೆ ಸತ್ತವು, ಯಾವ ಮೀನು ಸತ್ತವು. ನೀರು ಹಸಿರಾಗುವುದು ಪಾಚಿಯಿಂದ. ಗೊಬ್ಬರದ ಸಾರಜನಕ, ರಂಜಕ ಬಸಿದು ಬಂದು ನಿಂತ ನೀರಿಗೆ ಸೇರಿ ಬಿಸಿಲು ಬಿದ್ದರೆ ಸೂಕ್ಷ್ಮಪಾಚಿ ಒಂದು ವಾರದಲ್ಲಿ ತುಂಬಿಕೊಳ್ಳುತ್ತದೆ. ತುಂಗಭದ್ರಾ ಜಲಾಶಯದ ನೀರೇ ಕೆಲವು ವರ್ಷಗಳಲ್ಲಿ ಹಸಿರು ಬಣ್ಣಕ್ಕೆ ತಿರುಗಿದ್ದನ್ನು ನೀವು ಕಂಡಿರಬಹುದು. ಹಗಲು ಪಾಚಿ ನೀರಿಗೆ ಆಮ್ಲಜನಕ ಬಿಡುತ್ತದೆ, ಆದ್ದರಿಂದ ಮಧ್ಯಾಹ್ನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಗೆಂಡೆ ಮೀನು ನೆಮ್ಮದಿಯಾಗಿರಲು ಒಂದು ಲೀಟರ್ ನೀರಿನಲ್ಲಿ ಐದು ಮಿಲಿಗ್ರಾಂ ಆಮ್ಲಜನಕ ಬೇಕು. ಕೋಳಿ ಕೂಗುವ ಹೊತ್ತಿಗೆ ಅದು ಒಂದಕ್ಕೆ, ಒಂದಕ್ಕಿಂತಲೂ ಕೆಳಕ್ಕೆ ಇಳಿಯಬಹುದು. ಮೋಡ ಕವಿದ ದಿನ ಕಳೆದ ರಾತ್ರಿಯಂತೂ ಇನ್ನೂ ಕೆಟ್ಟದ್ದು.

ಉಸಿರು ಕಟ್ಟಿ ಸಾಯುವಾಗ ಮೀನು ಮೊದಲು ಮೇಲೆ ಬಂದು ಬಾಯಿ ಬಡಿಯುತ್ತದೆ. ದೊಡ್ಡ ಮೀನು ಮೊದಲು ಸಾಯುತ್ತದೆ. ಕುಚ್ಚು ಮೀನು, ಚೇಳು ಮೀನಿನಂಥವು ಗಾಳಿಯನ್ನೇ ಕುಡಿದು ಬದುಕಬಲ್ಲವಾದ್ದರಿಂದ ಉಳಿದುಕೊಳ್ಳುತ್ತವೆ. ನಿಮ್ಮ ಹಳ್ಳದಲ್ಲಿ ಅವು ಬದುಕಿದ್ದರೆ ಆಮ್ಲಜನಕದ ಕೊರತೆಯೆಂದೇ ಹೆಚ್ಚಿನ ಅನುಮಾನ. ಸಣ್ಣದು ದೊಡ್ಡದು ಎನ್ನದೆ ಕುಚ್ಚು ಮೀನೂ ಸೇರಿದಂತೆ, ಏಡಿ, ಕಪ್ಪೆಗಳೂ ಹಗಲಿನಲ್ಲಿಯೇ ಸತ್ತಿದ್ದರೆ ಕೀಟನಾಶಕದ ಕಡೆ ನೋಡಿ. ಔಷಧ ಹೊಡೆದ ಮಡಿಯ ನೀರನ್ನು ಕೂಡಲೇ ಬಸಿಗಾಲುವೆಗೆ ಒಡೆಯದೆ ಕೆಲವು ದಿನ ಗದ್ದೆಯಲ್ಲಿಯೇ ಹಿಡಿದಿಡುವುದು, ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯದಿರುವುದು, ಇವೆರಡನ್ನು ಊರಿನವರು ಒಪ್ಪಿಕೊಂಡರೆ ಅರ್ಧ ಕೆಲಸವಾಗುತ್ತದೆ. ಸತ್ತ ಮೀನನ್ನು ತಿನ್ನಬೇಡಿ, ಮಾರಬೇಡಿ. ಒಂದು ಶುಭ್ರ ಬಾಟಲಿಯಲ್ಲಿ ನೀರು, ಮಂಜುಗಡ್ಡೆಯಲ್ಲಿ ಎರಡು ಮೀನು ತೆಗೆದುಕೊಂಡು ಅದೇ ಬೆಳಿಗ್ಗೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ. ಮರುದಿನಕ್ಕೆ ಪುರಾವೆ ಕೊಳೆತುಹೋಗಿರುತ್ತದೆ. 1980ರ ದಶಕದಲ್ಲಿ ಹರಿಹರದ ಕೆಳಗೆ ಕಾರ್ಖಾನೆಯ ತ್ಯಾಜ್ಯದ ವಿರುದ್ಧ ಹೋರಾಡಿದ ತುಂಗಭದ್ರೆಯ ದಂಡೆಯ ಜನರಿಗೂ ಎದುರಾದ ತೊಡಕು ಇದೇ.

ಪ್ರಶ್ನೆ: 2024ರಲ್ಲಿ ಜಲಾಶಯದ ಗೇಟು ಕೊಚ್ಚಿಹೋದಾಗ ಮೀನುಗಳೂ ಹೊಳೆಗೆ ಬಂದವಲ್ಲವೆ? ಅದರಿಂದ ಹೊಳೆಗೆ ಲಾಭವಾಗಿರಬೇಕಲ್ಲ?
— ಓದುಗರೊಬ್ಬರು, ಕಂಪ್ಲಿ

ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು, ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಅಷ್ಟು ಎತ್ತರದಿಂದ ಧುಮುಕಿದ ಮೀನಿನಲ್ಲಿ ಗಾಯಗೊಂಡು ಸಾಯುವ ಪಾಲು ದೊಡ್ಡದು. ಬದುಕಿದ್ದು ಕೆಳಗಿನ ಹೊಳೆಗೆ ಸೇರಿತು, ನಿಜ. ಆದರೆ ಮೇಲಕ್ಕೆ ಮರಳುವ ದಾರಿ ಅದಕ್ಕಿಲ್ಲ. ಮೀನು ಹಂತಹಂತವಾಗಿ ಮೇಲೇರಲು ಕಟ್ಟುವ ಮೀನೇಣಿ ಈ ಅಣೆಕಟ್ಟಿನಲ್ಲಿ ಇಲ್ಲ. ವಿಜಯನಗರದ ಅರಸರು ಇದೇ ಹೊಳೆಗೆ ಕಟ್ಟಿಸಿದ ಕಲ್ಲಿನ ಕಟ್ಟೆಗಳು ನೆರೆ ಬಂದಾಗ ನೀರಿನಲ್ಲಿ ಮುಳುಗುತ್ತವೆ, ಆಗ ಮೀನು ದಾಟಬಲ್ಲದು. ಕಾಂಕ್ರೀಟಿನ ಗೋಡೆ ಮುಳುಗುವುದಿಲ್ಲ.

ನೀರು ಬಿಡುವುದಕ್ಕಿಂತ ನಿಲ್ಲಿಸುವುದೇ ಮೀನಿಗೆ ಅಪಾಯ. ತುಂಬಿ ಹರಿಯುತ್ತಿದ್ದ ಹೊಳೆ ಒಂದೇ ಸಂಜೆಯಲ್ಲಿ ಇಳಿದರೆ ಹಂಪಿಯಿಂದ ಕಂಪ್ಲಿಯವರೆಗೆ ಗುಂಡುಗಳ ನಡುವಿನ ಗುಂಡಿಗಳಲ್ಲಿ ಮೀನು ಸಿಕ್ಕಿಬೀಳುತ್ತದೆ, ಜನ ಬುಟ್ಟಿ ಹಿಡಿದು ಬರುತ್ತಾರೆ. ಮೊಟ್ಟೆಯಿಟ್ಟ ದಡದ ಹುಲ್ಲೂ ಒಣಗುತ್ತದೆ. ಗೆಂಡೆಯ ಮೊಟ್ಟೆ ಒಡೆಯಲು ಹದಿನೈದರಿಂದ ಹದಿನೆಂಟು ತಾಸು ಸಾಕು, ಅಷ್ಟೂ ಹೊತ್ತು ಅದಕ್ಕೆ ನೀರು ಇರಬೇಕು. ಹೊರಹರಿವನ್ನು ಎರಡು ಮೂರು ದಿನಗಳಲ್ಲಿ ಹಂತಹಂತವಾಗಿ ತಗ್ಗಿಸುವುದಕ್ಕೆ ಒಂದು ಹನಿ ಹೆಚ್ಚುವರಿ ನೀರೂ ಬೇಕಾಗದ ಸಂದರ್ಭಗಳು ಮುಂಗಾರಿನಲ್ಲಿ ಎಷ್ಟೋ ಇರುತ್ತವೆ.

ಪ್ರಶ್ನೆ: ಕೆರೆಯಲ್ಲಿ ಸಾಕಲು ಬೇಗ ಬೆಳೆಯುವ ಕ್ಯಾಟ್‌ಫಿಶ್ ಮರಿ ಕೊಡುತ್ತೇನೆಂದು ಒಬ್ಬರು ಹೇಳುತ್ತಿದ್ದಾರೆ. ತೆಗೆದುಕೊಳ್ಳಬಹುದೆ?
— ಓದುಗರೊಬ್ಬರು, ಮಾನ್ವಿ

ಬೇಡ. ಅದು ಆಫ್ರಿಕನ್ ಕ್ಯಾಟ್‌ಫಿಶ್ ಆಗಿದ್ದರೆ ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿದೆ. ಗಾಳಿ ಕುಡಿದು ಬದುಕುತ್ತದೆ, ಒದ್ದೆ ನೆಲದ ಮೇಲೆ ತೆವಳುತ್ತದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಕೆರೆ ಕೋಡಿ ಬಿದ್ದ ದಿನ ಅದು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಸೇರುತ್ತದೆ. ಆಮೇಲೆ ಹಿಡಿದು ಮುಗಿಸುವುದು ಯಾರಿಂದಲೂ ಆಗಿಲ್ಲ.

ಪ್ರಶ್ನೆ: ಕೃಷ್ಣೆಯ ದಂಡೆಯಲ್ಲಿ ಮೊಸಳೆಗಳ ಕಾಟ ಹೆಚ್ಚಾಗಿದೆ. ಎಲ್ಲವನ್ನೂ ಹಿಡಿದು ಬೇರೆಡೆ ಬಿಟ್ಟರೆ ಮೀನೂ ಉಳಿದೀತು, ಜನರೂ ಉಳಿದಾರು.
— ಗ್ರಾಮಸ್ಥರು, ರಾಯಚೂರು ತಾಲ್ಲೂಕು

ಮನುಷ್ಯರ ಮೇಲೆ ಎರಗಿದ ಮೊಸಳೆಯ ವಿಷಯದಲ್ಲಿ ಅರಣ್ಯ ಇಲಾಖೆ ಕ್ರಮ ಕೈಗೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲವನ್ನೂ ಹಿಡಿಯುವುದು ಸಾಧ್ಯವಿಲ್ಲ, ಕಾನೂನೂ ಒಪ್ಪುವುದಿಲ್ಲ. ಹಿಡಿದು ದೂರ ಬಿಟ್ಟದ್ದು ಮರಳಿ ಬರುವುದೂ ಉಂಟು. ಮೊಸಳೆ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಮರಳ ದಿಬ್ಬದಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ, ಮಳೆಗೆ ಮುನ್ನ ಮರಿಯಾಗುತ್ತದೆ. ಆ ತಿಂಗಳುಗಳಲ್ಲಿ ತಾಯಿ ಹೆಚ್ಚು ಸಿಡುಕಿನದು. ಮರಳು ಅಗೆದು ದಿಬ್ಬ ಹೋದರೆ ಅದು ಬಟ್ಟೆ ಒಗೆಯುವ ಘಾಟಿನ ಪಕ್ಕಕ್ಕೇ ಬರುತ್ತದೆ. ಜನ ನೀರಿಗಿಳಿಯುವ ಜಾಗಕ್ಕೆ ಗಟ್ಟಿ ಬೇಲಿ ಹಾಕುವುದು, ಮುಸ್ಸಂಜೆಯಲ್ಲಿ ಮಕ್ಕಳು, ದನಗಳು ನೀರಿನ ಅಂಚಿಗೆ ಹೋಗದಂತೆ ನೋಡಿಕೊಳ್ಳುವುದು, ಕೋಳಿಯಂಗಡಿಯ ಕಸವನ್ನು ಹೊಳೆಗೆ ಎಸೆಯದಿರುವುದು: ಜೀವ ಉಳಿಸುವ ಕೆಲಸಗಳು ಇವು. ಕಸದ ವಿಷಯವನ್ನು ನಿಮ್ಮ ಪತ್ರದಲ್ಲಿಯೇ ಬೇರೆ ಸಂದರ್ಭದಲ್ಲಿ ಹೇಳಿದ್ದೀರಿ, ಅದಕ್ಕೇ ನೆನಪಿಸುತ್ತಿದ್ದೇನೆ. ಮೀನಿನ ಕೊರತೆಯನ್ನು ಮಾತ್ರ ಮೊಸಳೆಯ ಲೆಕ್ಕಕ್ಕೆ ಬರೆಯಬೇಡಿ; ಅದು ಹಿಡಿಯುವುದರಲ್ಲಿ ನಿತ್ರಾಣ ಮೀನು, ಸತ್ತ ಮೀನಿನ ಪಾಲೂ ಸಾಕಷ್ಟಿದೆ.

ಪ್ರಶ್ನೆ: ಬಲೆಗೆ ದೊಡ್ಡ ಆಮೆ ಬಿದ್ದಿತ್ತು. ಚಿಪ್ಪು ಚರ್ಮದಂತೆ ಮೆತ್ತಗಿತ್ತು. ಮನೆಗೆ ತಂದರೆ ಐಶ್ವರ್ಯ ಎಂದರು ಕೆಲವರು, ಮಾರು ಎಂದರು ಕೆಲವರು. ನಾನು ಹೊಳೆಗೇ ಬಿಟ್ಟೆ. ತಪ್ಪು ಮಾಡಿದೆನೆ?
— ಯುವ ಮೀನುಗಾರ, ಕೊಪ್ಪಳ ಜಿಲ್ಲೆ

ತಪ್ಪಲ್ಲ, ತಮ್ಮಾ, ಸರಿಯಾದದ್ದನ್ನೇ ಮಾಡಿದೆ. ದೊಡ್ಡ ಗಾತ್ರದ ಮೆತ್ತನೆಯ ಚಿಪ್ಪಿನ ಆಮೆ ಎಂದರೆ ಅದು ದಕ್ಷಿಣದ ನದಿಗಳಲ್ಲಿ ಮಾತ್ರ ಇರುವ, ಈಗ ತೀರ ವಿರಳವಾಗಿರುವ ಲೀತ್ ಆಮೆಯೂ ಆಗಿರಬಹುದು. ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಜೈಲಿಗೆ ದಾರಿ. ಮುಂದೆ ಸಿಕ್ಕರೆ ಬಲೆಯನ್ನು ಎಳೆಯಬೇಡ, ದಾರ ಕತ್ತರಿಸು. ಕತ್ತಿನ ಬಳಿ ಕೈ ಒಯ್ಯಬೇಡ, ಅದರ ಕತ್ತು ನೀನೆಣಿಸಿದ್ದಕ್ಕಿಂತ ಉದ್ದ, ಕಚ್ಚಿದರೆ ಬಿಡುವುದಿಲ್ಲ. ಚಿಪ್ಪಿನ ಹಿಂಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತು. ಗಾಳ ನುಂಗಿದ್ದರೆ ಕಿತ್ತು ತೆಗೆಯಲು ಹೋಗದೆ, ದಾರವನ್ನು ಬಾಯಿಗೆ ಹತ್ತಿರ ಕತ್ತರಿಸಿ, ಒದ್ದೆ ಗೋಣಿಚೀಲ ಹೊದಿಸಿ ಅರಣ್ಯ ಇಲಾಖೆಯವರಿಗೆ ತಿಳಿಸು. ನೀರು ಕುಡಿದು ನಿತ್ರಾಣವಾಗಿದ್ದರೆ ಮಗುಚದೆ, ತಲೆ ತಗ್ಗಿನ ಕಡೆಗೆ ಬರುವಂತೆ ಇಳಿಜಾರಿನಲ್ಲಿ ನೆರಳಿಗೆ ಇಟ್ಟು, ಅದು ತಾನಾಗಿ ಕಾಲಾಡಿಸುವವರೆಗೆ ಕಾಯಬೇಕು. ಆಮೇಲೆ ಸಿಕ್ಕಿದ ಜಾಗದಲ್ಲಿಯೇ ಬಿಡು, ಬೇರೆ ಮಡುವಿಗಲ್ಲ.